ಮಾವನ ಬಾಯಲ್ಲಿ ಮೂರು ತಾಕು

ಹೆಮ್ಮರಗಾಲದ ನನ್ನ ಸೋದರಮಾವನನ್ನು ನಂಬಿಸುವುದು ದೇವರಿಂದಲೂ ಆಗದ ಕೆಲಸ! ಹೊಸ ಗೊಬ್ಬರ ಬಂತೆನ್ನಿ, ಗದ್ದೆಯ ಒಂದು ತಾಕಿಗೆ ಅದು, ಇನ್ನೊಂದಕ್ಕೆ ಹಳೆಯದು, ಮೂರನೆಯ ತಾಕಿಗೆ ಏನೂ ಇಲ್ಲ. ಕೊಯ್ಲಾಗುವ ತನಕ ತುಟಿ ಬಿಚ್ಚುವುದಿಲ್ಲ. ಈ ಬುದ್ಧಿ ಗದ್ದೆಯಲ್ಲೇ ಉಳಿದಿದ್ದರೆ ನಾನೇಕೆ ಬರೆಯುತ್ತಿದ್ದೆ?

ಮಾವನಿಗೆ ವಸಡಿನ ಕಾಯಿಲೆ. ನಂಜನಗೂಡಿನ ಡಾಕ್ಟರಮ್ಮ ಸಣ್ಣ ಕಡ್ಡಿ ಇಳಿಸಿ ಹಲ್ಲಿಗೂ ವಸಡಿಗೂ ನಡುವಿನ ಸಂದು ಅಳೆದು, "ಆಪರೇಷನ್ ಬೇಡ. ಬೇರಿನ ತನಕ ಕ್ಲೀನ್ ಮಾಡೋಣ. ಮೂರು ತಿಂಗಳಲ್ಲಿ ಸಂದು ಕಮ್ಮಿ ಆಗದಿದ್ರೆ ಹಲ್ಲು ಉಳಿಯಲ್ಲ" ಎಂದರು. ಅತ್ತೆಗೂ ಅದೇ ಕಾಯಿಲೆ. ಆದರೆ ಅವರು ಬಾಯಿ ತೆರೆದರೆ ತಾನೆ! ಡಾಕ್ಟರ್ ಎಂದ ಕೂಡಲೇ ಸೆರಗು ಬಾಯಿಗೆ.

ಮಾವ ಏನು ಮಾಡಿದರು ಗೊತ್ತೆ? ಬಲಗಡೆಯನ್ನು ನಂಜನಗೂಡಿನಲ್ಲಿ ಕೈಕೊಕ್ಕೆಯಿಂದ ಕೆರೆಸಿದರು. ಎಡಗಡೆಯನ್ನು ತಿ. ನರಸೀಪುರದಲ್ಲಿ ನೀರು ಚಿಮ್ಮುವ ಮೆಷಿನ್ನಿನಿಂದ! ಕೆಳಗಿನ ಮುಂದಿನ ಹಲ್ಲುಗಳು? ನಂಜನಗೂಡಿನವರು ಕೇಳಿದರೆ ಮಾವ "ನರಸೀಪುರದಲ್ಲಿ ಮಾಡ್ತಾರೆ" ಎನ್ನುವರು, ನರಸೀಪುರದವರು ಕೇಳಿದರೆ "ನಂಜನಗೂಡಲ್ಲಾಯ್ತು ಸಾ".

"ಯಾಕ್ ಮಾವ ಹಿಂಗೆ?" ಎಂದೆ.

"ಅದು ಏನೂ ಆಕ್ದೆ ಬಿಟ್ಟಿರೋ ತಾಕು ಕಣ್ಲಾ. ಅದಿಲ್ದೆ ಯಾವ್ದು ಫಲ ಕೊಡ್ತು ಅಂತ ಎಂಗ್ ಗೊತ್ತಾಯ್ತದೆ?"

ಗೊತ್ತಾಗುವ ಹೊತ್ತಿಗೆ ಹಲ್ಲೇ ಹೋದರೆ? ಮುದ್ದೆ ನುಂಗುವ ನಮ್ಮ ಕಡೆ ಹಲ್ಲಿಗೆ ಕೆಲಸ ಕಡಿಮೆ, ನಿಜ. ಆದರೂ ಆ ಮೂರು ತಿಂಗಳು ಮಾವ ಸೌತೆಕಾಯಿ ಕಚ್ಚಿದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಅಳತೆಯ ದಿನ ಮೂವರೂ ನಂಜನಗೂಡಿಗೆ ಹೋದೆವು. ಅತ್ತೆ ಬಾಗಿಲ ಬಳಿಯೇ ನಿಂತರು. ಡಾಕ್ಟರಮ್ಮ ಕಡ್ಡಿ ಇಳಿಸಿದರು. ಬಲಗಡೆ ಆಯಿತು, ಎಡಗಡೆ ಆಯಿತು.

"ಎರಡೂ ಕಡೆ ಒಂದೇ ಥರ ಗುಣ ಆಗಿದೆ" ಎಂದವರು ಮುಂದಿನ ಹಲ್ಲಿಗೆ ಬಂದು ಸಿಡಿದರು. "ಇದನ್ನ ಯಾರೂ ಮುಟ್ಟೇ ಇಲ್ವಲ್ರೀ! ಒಂದು ಕೀಳಲೇಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಮಾವ ಮಾತ್ರ ಸುಮ್ಮನೆ ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಎದ್ದು, ಆ ಹಲ್ಲನ್ನು ಅಂಗೈಲಿಟ್ಟುಕೊಂಡು ನೇರ ಅತ್ತೆಯ ಬಳಿ ಹೋದರು.

"ನೋಡಮ್ಮಿ, ಏನೂ ಮಾಡಿಸ್ದೆ ಬಿಟ್ರೆ ಇಂಗಾಯ್ತದೆ. ಕೈಲಿ ಕೆರೆದ್ರೂ ಮೆಷಿನ್ನಲ್ಲಿ ಮಾಡಿದ್ರೂ ಫಲ ಒಂದೇಯ. ಮೆಷಿನ್ನಲ್ಲಿ ನೋವು ಕಮ್ಮಿ ಕಣಮ್ಮಿ. ನಿಂಗೆ ಅದನ್ನೇ ಮಾಡಿಸ್ತೀನಿ."

ಮೂರು ತಿಂಗಳು ನಾನು ಮನಸ್ಸಿನಲ್ಲೇ ಬೈದುಕೊಂಡದ್ದು ಈ ಮಾವನನ್ನೇ! ಅತ್ತೆ ಬಾಯಿಗೆ ಹಿಡಿದಿದ್ದ ಸೆರಗನ್ನು ತೆಗೆದು, ಅದರ ಚುಂಗಿಗೆ ಆ ಹಲ್ಲನ್ನು ಗಂಟು ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ನರಸೀಪುರದ್ ಬಸ್ಸು ಎಷ್ಟೊತ್ಗದೆ?"