ತಾಳ ಬಿಟ್ಟು ಹೋದ ಸಂಜೆ

ದುಬಾರಿ ತಾಳ ಕೊಂಡವನೇ ಡ್ರಮ್ಮರ್ ಎನ್ನುವ ಮೂಢನಂಬಿಕೆಯನ್ನು ನಾನೊಬ್ಬನೇ ನಿಂತು ಅಳಿಸಿಹಾಕುತ್ತೇನೆಂದು ಶಪಥ ಮಾಡಿದ್ದೆ. ಹಗಲೆಲ್ಲ ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳಿಗೆ ಮೊಹರು ಒತ್ತುವ ನಾನು, ಸಂಜೆ ಅದೇ ಕೈಯಿಂದ ಸಹೋದ್ಯೋಗಿಗಳ ವಾದ್ಯವೃಂದಕ್ಕೆ ಡ್ರಮ್ಸ್ ಬಾರಿಸುತ್ತೇನೆ. ಎರಡರ ಶಬ್ದವೂ ಒಂದೇ ಎನ್ನುವವರಿದ್ದಾರೆ. ಅವರಿಗೆ ಸಂಗೀತದ ಗಂಧವಿಲ್ಲ.

ಕಚೇರಿಯ ವಾರ್ಷಿಕೋತ್ಸವಕ್ಕೆ ಎರಡು ವಾರವಿದ್ದಾಗ ನನ್ನ ಹಳೆಯ ತಾಳ ಸೀಳಿತು. ಡ್ರಮ್ಸ್ ಪಕ್ಕದಲ್ಲಿ ಕಂಬಿಯ ಮೇಲೆ ಕೂರುವ ಆ ಹಿತ್ತಾಳೆ ತಟ್ಟೆಗಳಿಲ್ಲದಿದ್ದರೆ ಹಾಡು ಉಪ್ಪಿಲ್ಲದ ಊಟ. ನಮ್ಮ ಗಾಯಕಿ, ಟಪಾಲು ವಿಭಾಗದ ಮೇಡಂ, ಮೆಲ್ಲಗೆ ಹೇಳಿದರು: "ಗುಂಡಿ ಒತ್ತಿದ್ರೆ ತಾನೇ ಡ್ರಮ್ಸ್ ಬಾರಿಸೋ ಯಂತ್ರ ಬಂದಿದೆಯಂತೆ. ಅದು ನಡುವೆ ಕಾಫಿನೂ ಕೇಳಲ್ವಂತೆ."

ನನ್ನ ಕುರ್ಚಿ ಅಲ್ಲಾಡಿತು. ಅದೇ ದಿನ ತಾಳಗಳ ಅಗ್ಗದ ಸೆಟ್ಟೊಂದನ್ನು ತರಿಸಿದೆ. ಡಬ್ಬದ ಮೇಲೆ 'ವೇದಿಕೆಗೂ ಸೈ' ಎಂದು ಅಚ್ಚಾಗಿತ್ತು. ಕಿವಿಗೂ ಸೈ ಎಂದಿರಲಿಲ್ಲ. ನಾನು ಅಷ್ಟು ಆಳವಾಗಿ ಓದುವವನಲ್ಲ. ದೊಡ್ಡ ತಟ್ಟೆಯನ್ನು ಕಂಬಿಗೇರಿಸಿ ಒಂದೇಟು ಕೊಟ್ಟೆ. ಅಡುಗೆಮನೆಯಿಂದ ನನ್ನವಳು ಓಡಿ ಬಂದಳು.

"ಏನ್ರೀ ಬಿತ್ತು?"

"ಏನೂ ಬಿದ್ದಿಲ್ಲ. ಇದು ನಾದ."

"ಬಿದ್ದಿದ್ರೆ ಎತ್ತಿಡಬಹುದಿತ್ತು."

"ಹೊಸದು ಕಣೇ, ಬಾರಿಸ್ತಾ ಬಾರಿಸ್ತಾ ಪಳಗುತ್ತೆ."

"ಹದಿನೆಂಟು ವರ್ಷದಿಂದ ನಿಮ್ಮನ್ನ ಪಳಗಿಸ್ತಾ ಇದೀನಿ. ನನಗೆ ಹೇಳ್ಬೇಡಿ."

ಹದಿನೆಂಟು ವರ್ಷ ಅವಳ ತಾಳಕ್ಕೆ ಕುಣಿದವನು ನಾನು. ನನ್ನ ತಾಳವನ್ನು ಅವಳು ಹದಿನೆಂಟು ನಿಮಿಷ ತಾಳಲಿಲ್ಲ, ಕಿವಿಗೆ ಹತ್ತಿ ತುರುಕಿಕೊಂಡು ಹೋದಳು. ನಾನು ಪಳಗಿಸುವ ಕೆಲಸ ಮುಂದುವರಿಸಿದೆ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಕೆಳಮಹಡಿಯ ದಂತವೈದ್ಯರು ಬಿಳಿ ಕೋಟಿನಲ್ಲೇ ನಿಂತಿದ್ದರು. ತೋರುಬೆರಳಿಗೆ ಬ್ಯಾಂಡೇಜು ಸುತ್ತಿತ್ತು.

"ಈಗ ಏನಾದ್ರೂ ಬಾರಿಸಿದ್ರಾ?"

"ಹೌದು ಡಾಕ್ಟ್ರೇ, ಕೇಳಿಸ್ತಾ?" ಎಂದೆ ಆಸೆಯಿಂದ.

"ನನ್ನ ರೋಗಿಗೆ ಕೇಳಿಸ್ತು. ಬಾಯಿ ಕಳ್ಕೊಂಡು ಕೂತಿದ್ರು, ಒಳಗೆ ನನ್ನ ಬೆರಳಿತ್ತು. ನಿಮ್ಮ ಸದ್ದಿಗೆ ಬೆಚ್ಚಿ ಗಬಕ್ಕಂತ ಬಾಯಿ ಮುಚ್ಚಿದ್ರು."

"ಹಲ್ಲು ಗಟ್ಟಿಯಿದೆ ಅಂತಾಯ್ತಲ್ಲ."

"ಅದೇ ತೊಂದರೆ. ಅಲ್ಲಾಡ್ತಿದೆ, ಕೀಳಿ ಅಂತ ಬಂದಿದ್ರು. ಈಗ ಗಟ್ಟಿಯಾಗೇ ಇದೆ ಅಂತ ಎದ್ದು ಹೋದ್ರು."

ಅಂದಿನಿಂದ ಮನೆಯಲ್ಲಿ ತಾಳಕ್ಕೆ ನಿಷೇಧಾಜ್ಞೆ ಜಾರಿಯಾಯಿತು. ಉಳಿದ ಪರೀಕ್ಷೆಯನ್ನು ನೇರವಾಗಿ ವೇದಿಕೆಯಲ್ಲೇ ಮಾಡಬೇಕಾಯಿತು. ವಾರ್ಷಿಕೋತ್ಸವದ ಸಂಜೆ ಹೊಸ ತಟ್ಟೆ ಕಂಬಿಯ ಮೇಲೆ ಓಲಾಡುವುದು ಕಂಡು, ಮಾನ ಕಾಪಾಡಲಿ ಎಂದು ಸ್ಪ್ಯಾನರ್ ಹಿಡಿದು ಬಿಗಿದೆ.

"ಅದಕ್ಕೆ ಸ್ವಲ್ಪ ಉಸಿರಾಡೋಕೆ ಬಿಡಿ ಸಾರ್," ಎಂದರು ಗಾಯಕಿ.

"ತಾಳ ಬಿಗಿಯಾಗಿರ್ಬೇಕು ಮೇಡಂ," ಎಂದು ಇನ್ನೊಂದು ಸುತ್ತು ತಿರುಗಿಸಿದೆ.

ಮೊದಲ ಸಾಲಿನಲ್ಲಿ ನಮ್ಮ ಮುಖ್ಯಾಧಿಕಾರಿಗಳು ತಮ್ಮ ಭಾಷಣ ಮುಗಿಸಿದ ತೃಪ್ತಿಯಲ್ಲಿ ನಿದ್ದೆಹೋಗಿದ್ದರು. ಮೊದಲ ಹಾಡು ಹೇಗೋ ದಡ ಸೇರಿತು. ಎರಡನೆಯದರ ಕೊನೆಯಲ್ಲಿ ನಾನು ಸರ್ವಶಕ್ತಿಯನ್ನೂ ಕೂಡಿಸಿ ಹೊಡೆದೆ. ತಟ್ಟೆ ಗಾಳಿಗೆ ಸಿಕ್ಕ ಕೊಡೆಯಂತೆ ಹಿಂದುಮುಂದಾಗಿ ಮಗುಚಿಕೊಂಡಿತು. ಬುದ್ಧಿವಂತನಾದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಇನ್ನೊಂದು ಬಿಟ್ಟೆ.

ನಡುವೆ ಹರಿದು ಕಂಬಿಯಿಂದ ಕಳಚಿದ ತಟ್ಟೆ ಅಂಚಿನ ಮೇಲೆ ನೆಲಕ್ಕಿಳಿದು ಚಕ್ರದಂತೆ ಹೊರಟಿತು. ಗಾಯಕಿ ಕಾಲೆತ್ತಿ ದಾರಿ ಬಿಟ್ಟರು, ಸ್ವರ ಬಿಡಲಿಲ್ಲ. ಅದು ವೇದಿಕೆಯ ಮೂರು ಮೆಟ್ಟಿಲನ್ನು ಠಣ್, ಠಣ್, ಠಣ್ ಎಂದು ಸರಿಯಾಗಿ ಲಯಕ್ಕೇ ಇಳಿದು, ಮುಖ್ಯಾಧಿಕಾರಿಗಳ ಬೂಟಿನ ಎದುರು ಗಿರಗಿರ ತಿರುಗಿ, ಝೊಂಯ್ ಎಂದು ದೀರ್ಘವಾಗಿ ನುಡಿದು ಮಲಗಿತು. ನಾನೆಷ್ಟು ಬಡಿದರೂ ಅದು ನನಗೆ ಅಂಥ ನಾದ ಕೊಟ್ಟಿರಲಿಲ್ಲ.

ಕೋಲು ಎತ್ತಿದ್ದ ಕೈ ಎತ್ತಿದಲ್ಲೇ ಉಳಿಯಿತು. ನಿದ್ದೆಯಿಂದೆದ್ದ ಮುಖ್ಯಾಧಿಕಾರಿಗಳು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರೇ ಎದ್ದ ಮೇಲೆ ಕೂರುವ ಧೈರ್ಯ ಯಾರಿಗಿದೆ? ಇಡೀ ಸಭೆ ಎದ್ದಿತು. ನಾನು ನಡು ಬಗ್ಗಿಸಿ ವಂದಿಸಿದೆ. ಮೂರನೇ ಸಾಲಿನಲ್ಲಿ ನನ್ನವಳು ಮುಖ ಮುಚ್ಚಿಕೊಂಡಿದ್ದಳು. ಆನಂದಬಾಷ್ಪವೆಂದು ತಿಳಿದೆ.

ಮರುದಿನ ಮುಖ್ಯಾಧಿಕಾರಿಗಳ ಕೊಠಡಿಯಿಂದ ಕರೆ ಬಂತು. ತಲೆ ಬಾಚಿಕೊಂಡು ಹೋದೆ.

"ನಿನ್ನೆ ಆ ತಟ್ಟೆ ಉರುಳಿ ಬಂತಲ್ಲ, ಏನ್ ಟೈಮಿಂಗ್ ರೀ ಅದು. ಮುಂದಿನ ವರ್ಷನೂ ಆ ಐಟಂ ಇರ್ಲೇಬೇಕು."

"ಖಂಡಿತ ಸಾರ್," ಎಂದು ಎದೆಯುಬ್ಬಿಸಿದೆ. "ಆದ್ರೆ ಹಾಗೆ ಬಾರಿಸೋಕೆ ಎಷ್ಟೋ ವರ್ಷದ ಸಾಧನೆ ಬೇಕಾಗುತ್ತೆ."

"ಬಾರಿಸೋದ್ಯಾಕೆ? ಯಾರಾದ್ರೂ ಮೇಲಿಂದ ಉರುಳಿಸಿಬಿಟ್ರಾಯ್ತು," ಎಂದರು ಅವರು ಪ್ರೀತಿಯಿಂದ. "ನೀವು ಆರಾಮಾಗಿ ಕೆಳಗೆ ನನ್ನ ಪಕ್ಕ ಕೂತ್ಕೊಂಡು ಕೇಳಿ."