ಜೀಪ್ ಡ್ರೈವರ್ ಮಗಳಿಗೆ ಊರೆಲ್ಲ ಹೇಳಿದ ಬುದ್ಧಿ

ನಮ್ಮ ಹಾನುಬಾಳು ಕಡೆ ಯಾರಾದ್ರೂ ಹಾಸನಕ್ಕೆ ಹೊರಟರೆ ಜನ ಬಸ್ಸಿನ ಟೈಮ್ ಹೇಳ್ತಾರೆ, ಹೊರದೇಶಕ್ಕೆ ಹೊರಟರೆ ಬುದ್ಧಿ ಹೇಳ್ತಾರೆ. ಹೋಗಿಬಂದೋರು ಒಂದು ಮಾತು ಹೇಳಿದರೆ, ಸಕಲೇಶಪುರ ದಾಟದೇ ಇರೋರು ಹತ್ತು ಹೇಳ್ತಾರೆ. ಈಗೀಗ ಯಾವುದಾದ್ರೂ ಮನೆಯ ಮಗು ಯಾವುದಾದ್ರೂ ದೇಶಕ್ಕೆ ಓದಕ್ಕೆ ಅಂತ ಹೊರಡ್ತಾನೇ ಐತೆ, ಹಿಂಗಾಗಿ ನಮಗೆ ನಗೋದಕ್ಕೆ ಬರ ಇಲ್ಲ. ಅಳೋದಕ್ಕೂ ಇಲ್ಲ ಅನ್ನಿ.

ನಾನು ಹೇಳ್ತಿರೋದು ನಮ್ಮ ಎದುರುಮನೆ ಜೀಪ್ ಡ್ರೈವರ್ ಮಗಳ ಕತೆ. ಹುಡುಗಿಗೆ ಸ್ಕಾಟ್ಲೆಂಡಿನಲ್ಲಿ ಸೀಟು ಸಿಕ್ತು, ಮಣ್ಣಿನ ವಿಷಯ ಓದಕ್ಕೆ. ಖರ್ಚೆಲ್ಲ ಕಾಲೇಜಿನೋರದ್ದೇ. ಮಣ್ಣು ನೋಡಕ್ಕೆ ವಿಮಾನ ಹತ್ತಬೇಕಾ, ನಮ್ಮ ಹಿತ್ತಲಲ್ಲಿ ಬೇಕಾದಷ್ಟು ಬಿದ್ದೈತೆ ಅಂತ ನಾನಂದೆ. ಅದಕ್ಕೆ ಅವಳಮ್ಮ, "ನಿಮ್ಮ ಹಿತ್ತಲ ಮಣ್ಣು ನೋಡಿದೋರು ಇನ್ನೂ ಹಿತ್ತಲಲ್ಲೇ ಅವ್ರೆ ಚಿಕ್ಕವ್ವ. ಇವಳು ಹೋಗಲಿ" ಅಂದಳು. ಹಂಗೆ ನನ್ನ ಬಾಯಿ ಮುಚ್ಚಿಸೋಳು ಊರಲ್ಲಿ ಅವಳೊಬ್ಬಳೇ ಇದ್ದದ್ದು.

ಅವಳದ್ದೊಂದು ವಾಡಿಕೆ. ಆಕಾಶ ಕಳಚಿ ಬಿದ್ದರೂ "ಇರಿ, ರೊಟ್ಟಿ ಮಗುಚ್ಬುಟ್ಟು ಬಂದೆ" ಅನ್ನೋಳು. ತಮ್ಮನ ಜೀಪು ಪಲ್ಟಿ ಹೊಡೆದ ಸುದ್ದಿ ತಂದೋರನ್ನೂ ಹಂಗೇ ಬಾಗಿಲಲ್ಲಿ ನಿಲ್ಲಿಸಿದ್ದಳು. ಹೋದ ಮಳೆಗಾಲಕ್ಕೆ ಮುಂಚೆ ಅವಳಿಗೇ ಎದೆ ಹಿಡಿದು, ಆಸ್ಪತ್ರೆಗೆ ಹೋಗಕ್ಕೆ ಗಂಡ ಜೀಪು ಸ್ಟಾರ್ಟ್ ಮಾಡಿದಾಗಲೂ ಒಲೆ ಮೇಲಿದ್ದ ರೊಟ್ಟಿ ಮಗುಚಿಯೇ ಹತ್ತಿದಳು. ವಾಪಸ್ ಬಂದದ್ದು ಹೆಣ. ಆ ರೊಟ್ಟಿ ಒಲೆ ಮೇಲೆ ಕರಕಲಾಗಿ ಕೂತಿತ್ತು.

ಅಮ್ಮ ಇಲ್ಲದ ಮೇಲೆ ಹೋಗಲ್ಲ ಅಂತ ಹುಡುಗಿ ಹಟ ಹಿಡಿದಳು. ಅಪ್ಪನಿಗೋ ಮಾತೇ ಬರಲ್ಲ, ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸ್ತಿದ್ದಳು. "ನಿಮ್ಮಮ್ಮ ಹೋಗು ಅಂದಿದ್ಳು" ಅಂದ. ಅಷ್ಟೇ. ಬುದ್ಧಿ ಹೇಳಿ ಕಳಿಸಕ್ಕೆ ತಾಯಿ ಇಲ್ಲವಲ್ಲ ಅಂತ ಊರೇ ತಾಯಿಯಾಗಿ ನಿಂತ್ಬುಟ್ತು. ಆಗ ಶುರುವಾಯ್ತು ನೋಡಿ.

ಜಿಗಣೆ ಗಂಟು

ಮೊದಲು ಬಂದೋರು ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರಾಗಿದ್ದು ರಿಟೈರ್ ಆದ ಮುದುಕರು. ಸ್ಕಾಟ್ಲೆಂಡಿನಲ್ಲಿ ವರ್ಷವೆಲ್ಲ ಮಳೆಯಂತೆ, ಗುಡ್ಡವಂತೆ, ಹಸಿರು ಹುಲ್ಲಂತೆ, ನಮ್ಮ ಪಕ್ಕದೂರು ಹೆಗ್ಗದ್ದೆ ಥರವೇ ಅಂತ ವಿವರಿಸಿದರು. ಹೆಗ್ಗದ್ದೆ ಥರ ಅಂದ ಮೇಲೆ ಜಿಗಣೆ ಇಲ್ಲದೆ ಇರ್ತದಾ? ಎಲ್ಲರಿಗೂ ಹೌದು ಅನ್ನಿಸ್ತು, ನನಗೂ. ಹೊಗೆಸೊಪ್ಪು, ಸುಣ್ಣ ಸೇರಿಸಿ ಗಂಟು ಕಟ್ಟಿದರು. ಮಳೆಗಾಲದಲ್ಲಿ ತೋಟಕ್ಕಿಳಿಯೋವಾಗ ನಾವು ಕೋಲಿನ ತುದಿಗೆ ಕಟ್ಕೊಳ್ಳೋದು ಅದನ್ನೇ, ಮುಟ್ಟಿಸಿದರೆ ಸಾಕು, ಜಿಗಣೆ ಕಾಲು ಬಿಟ್ಟು ಉದುರ್ತದೆ. ಕಟ್ಟಕ್ಕೆ ಬಟ್ಟೆ ಬೇಕು ಅಂದಾಗ ಅಪ್ಪ ಒಳಗೆ ಹೋಗಿ ಹೆಂಡತಿಯ ಹಳೇ ಸೀರೆಯ ಚೂರು ಹರಿದು ತಂದ. ಕ್ಲಾಸಿಗೆ ಹೋಗೋ ಮುಂಚೆ ಕಾಲುಚೀಲಕ್ಕೆ ಸವರ್ಕೊಂಡು ಹೋಗು ಅಂತ ನಾನು ಸೇರಿಸಿದೆ.

ಅಲ್ಲಿ ವಿಮಾನ ಇಳಿದ ಕೂಡಲೇ ಪೆಟ್ಟಿಗೆ ಬಿಚ್ಚಿಸಿದರಂತೆ. ಆಫೀಸರು ಗಂಟು ಮೂಸಿ ನೋಡಿ ಹಿಂದಕ್ಕೆ ಹಾರಿದನಂತೆ. ಜಿಗಣೆಗೆ ಅಂತ ಹುಡುಗಿ ಹೇಳಿದರೆ ಅವನಿಗೆ ತಲೆಬುಡ ತಿಳೀಲಿಲ್ಲ. ಪ್ಯಾಂಟು ಮೇಲೆತ್ತಿ ಕಾಲಲ್ಲಿ ಜಿಗಣೆ ಕಚ್ಚಿದ ಕಲೆಗಳನ್ನ ತೋರಿಸಿದಳಂತೆ. ಅವನು ಇನ್ನೊಬ್ಬನ ಕರೆದ, ಅವನು ಮೂಸಿ ಸೀನಿದ, ಅವನು ಮತ್ತೊಬ್ಬಳ ಕರೆದ. ಹಿಂದೆ ನಿಂತಿದ್ದ ಸಾಲೆಲ್ಲ ಇವಳ ಕಾಲೇ ನೋಡ್ತಿತ್ತು. ಕೊನೆಗೆ ಸತ್ತ ಇಲಿ ಹಿಡಿದಂಗೆ ಹಿಡ್ಕೊಂಡು ಬುಟ್ಟಿಗೆ ಹಾಕಕ್ಕೆ ಹೋದಾಗ ಹುಡುಗಿ ಅತ್ತುಬುಟ್ಟಳಂತೆ. ಒಳಗಿಂದು ಬಿಸಾಕಿ, ಬಟ್ಟೆ ಮಾತ್ರ ಕೊಡಿ ಅಂತ ಕೇಳಿದಳಂತೆ. ಆಫೀಸರು ಏನೂ ಕೇಳದೆ ಗಂಟು ಬಿಚ್ಚಿ, ಕೊಡವಿ, ಮಡಚಿ ಕೈಗಿಟ್ಟನಂತೆ.

ಇಲ್ಲಿ ಜಿಗಣೆ ಇಲ್ಲವೇ ಇಲ್ಲ ಅಂತ ಅವಳು ಫೋನು ಮಾಡಿದ ಮೇಲೆ ನಾನೇ ಹೋಗಿ ರೈಟರಿಗೆ ಮುಟ್ಟಿಸಿದೆ. ಅವರಿಗೆ ಸಿಟ್ಟು ಬಂತು. "ಜಿಗಣೆ ಇಲ್ಲದ್ದೂ ಒಂದು ಮಳೆಯೇನ್ರೀ? ಅದು ನಲ್ಲಿ ನೀರು" ಅಂದರು.

ಟ್ಯಾಂಕರ್ ಪಂಡಿತ

ಇನ್ನೊಬ್ಬ ಗಲ್ಫಿನಲ್ಲಿ ನೀರಿನ ಟ್ಯಾಂಕರ್ ಓಡಿಸಿ ಬಂದೋನು. ಅವನ ಲೆಕ್ಕದಲ್ಲಿ ಸಮುದ್ರದಾಚೆ ಇರೋದೆಲ್ಲ ಒಂದೇ ದೇಶ. ಎರಡು ಬುದ್ಧಿ ಹೇಳಿದ. ಒಂದು, ಪಾಸ್‌ಪೋರ್ಟ್ ಕೇಳಿದ್ರೆ ಯಾರಿಗೂ ಕೊಡಬೇಡ, ಇಸ್ಕೊಂಡ ಮಾಲೀಕ ವಾಪಸ್ ಕೊಡಲ್ಲ. ಎರಡು, ಮಧ್ಯಾಹ್ನ ಅಪ್ಪಿತಪ್ಪಿ ಹೊರಗೆ ಕಾಲಿಡಬೇಡ, ಬಿಸಿಲಿಗೆ ತಲೆ ಹೋಳಾಗ್ತದೆ.

ಮೊದಲನೇ ಬುದ್ಧಿಯ ಫಲ ವಿಮಾನ ನಿಲ್ದಾಣದಲ್ಲೇ ಆಯ್ತು. ಗಾಜಿನ ಹಿಂದೆ ಕೂತೋನು ಪಾಸ್‌ಪೋರ್ಟ್ ಎಳೀತಾನೆ, ಇವಳು ಬಿಡ್ತಿಲ್ಲ. ಎರಡನೇದರ ಫಲ ಕಾಣಕ್ಕೆ ಚಳಿಗಾಲ ಬರಬೇಕಾಯ್ತು. ಅಲ್ಲಿ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯೋಷ್ಟರಲ್ಲಿ ಕತ್ತಲಂತೆ. ಒಂದಿನ ಮೋಡ ಹರಿದು ಇಷ್ಟೇ ಇಷ್ಟು ಬಿಸಿಲು ಬಿತ್ತಂತೆ, ಕಾಲೇಜಿಗೆ ಕಾಲೇಜೇ ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಂತಂತೆ. ಇವಳೂ ನಿಂತಳು. ಟ್ಯಾಂಕರ್ ಮಾಮನಿಗೆ ಹೇಳಿ, ತಲೆ ಹೋಳಾಗಲಿಲ್ಲ, ಆಗಿದ್ರೂ ಪರವಾಗಿರಲಿಲ್ಲ ಅಂದಳು.

ಹೇಳಿದೆ. ಅವನು ನಂಬಲಿಲ್ಲ. "ಮೊದಲ ವರ್ಷ ಹಂಗೇ, ಆಮೇಲೆ ಸುಡ್ತದೆ" ಅಂದ.

ಕಲ್ಲಿನ ಮೇಲಿನ ಫೋನು

ಇದೆಲ್ಲ ನನಗೆ ಹೆಂಗೆ ಗೊತ್ತು ಅಂತ ಕೇಳಬೇಡಿ. ನಮ್ಮ ಬೀದಿಗೆಲ್ಲ ಸಿಗ್ನಲ್ ಸಿಗೋದು ನಮ್ಮ ಅಂಗಳದ ಮೂಲೆಯ ಒಗೆಯೋ ಕಲ್ಲಿನ ಮೇಲೆ ಮಾತ್ರ. ಡ್ರೈವರ್ ಬಂದು ಅದರ ಮೇಲೆ ನಿಂತು, ಸ್ಪೀಕರ್ ಹಾಕಿ, ಮಗಳ ಹತ್ರ ಮಾತಾಡ್ತಾನೆ. ಕಣ್ಣಿಗಾದ್ರೆ ರೆಪ್ಪೆ ಐತೆ, ಕಿವಿಗೆ ದೇವರು ಏನೂ ಇಟ್ಟಿಲ್ಲ. ನಾನೇನು ಮಾಡಲಿ?

ಮಾತು ಅಂದ್ರೂ ಮಾತಲ್ಲ ಅದು. ಅವಳು ಅಲ್ಲಿಂದ ಚಳಿ, ಯಾರೂ ಮಾತಾಡ್ಸಲ್ಲ, ರೂಮಲ್ಲಿ ಒಬ್ಬಳೇ, ಬ್ರೆಡ್ ತಿಂದು ತಿಂದು ಬಾಯಿ ಸತ್ತೋಗೈತೆ ಅಂತಿದ್ದರೆ, ಇವನು "ಊಟ ಆಯ್ತಾ ಮಗಾ?" ಅಂತಾನೆ. ಅವಳು ಬಂದ್ಬುಡ್ತೀನಿ ಅಪ್ಪ ಅಂತ ಅಳ್ತಾಳೆ. ಇವನು ಇನ್ನೊಂದು ಸಲ "ಊಟ ಆಯ್ತಾ?" ಅಂತಾನೆ. ಬಾ ಅನ್ನಕ್ಕೆ ನಾಲಿಗೆ ತುದಿಗೆ ಬರ್ತಿತ್ತು ಅಂತ ನನಗೆ ಕಾಣ್ತಿತ್ತು. ಬಾ ಅಂದರೆ ಸತ್ತೋಳ ಮಾತು ಮೀರಿದಂಗೆ. ಇರು ಅನ್ನಕ್ಕೋ ಬಾಯಿ ಇಲ್ಲ.

ಒಂದಿನ ಅವಳು, ಅಮ್ಮ ರೊಟ್ಟಿ ಹೆಂಗೆ ಮಾಡ್ತಿದ್ಲು ಅಪ್ಪ, ನೀರು ಎಷ್ಟು, ಹಿಟ್ಟು ಎಷ್ಟು ಅಂತ ಕೇಳಿದಳು. ಚಿಕ್ಕಂದಿನಿಂದ ಹಾಸನದ ಹಾಸ್ಟೆಲಿನಲ್ಲಿ ಬೆಳೆದೋಳು, ಒಲೆ ಮುಂದೆ ಕೂತೋಳಲ್ಲ. ಇವನು ಫೋನು ದೂರ ಹಿಡಿದ. ಸಿಗ್ನಲ್ ಹೋಯ್ತು ಮಗಾ ಅಂತ ಫೋನು ಇಟ್ಬುಟ್ಟ. ನಾನು ಬಗ್ಗಿ ನೋಡಿದೆ. ಸಿಗ್ನಲ್ಲು ಎಲ್ಲಾ ಕಡ್ಡಿಯೂ ತುಂಬಿ, ಊರಿಗೆಲ್ಲ ಹಂಚೋಷ್ಟಿತ್ತು.

ಟೈಲರ್ ಮನೆ ಗುಟ್ಟು

ಅದಾದ ಮೇಲೆ ಈ ಮನುಷ್ಯ ಸಂಜೆ ಜೀಪು ಬಿಟ್ಟು ಟೈಲರ್ ಬಾಯಮ್ಮನ ಮನೆಗೆ ನುಗ್ಗಕ್ಕೆ ಶುರು ಮಾಡಿದ. ಬಾಯಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ನು, ಗಂಡ ಹೋದೋಳು, ತೀರ್ಕೊಂಡೋಳ ಗೆಳತಿ ಬೇರೆ. ಹೋದೋನು ಗಂಟೆಗಟ್ಟಲೆ ಬರಲ್ಲ. ಬಂದಾಗ ಅಂಗಿಯೆಲ್ಲ ಬೆಳ್ಳಗೆ. ಹೆಂಡತಿಯ ವರ್ಷದ ತಿಥಿ ಕೂಡ ಆಗಿಲ್ಲ, ನೋಡಿ. ನಾನಂತೂ ಯಾರಿಗೂ ಹೇಳಲಿಲ್ಲ. ಹಿಟ್ಟಿನ ಗಿರಣಿ ಹತ್ರ ಇದ್ದೋರಿಗೆ ಬಿಟ್ಟು.

ಕಣ್ಣಾರೆ ನೋಡೋಣ ಅಂತ ಕುಪ್ಪಸದ ಬಟ್ಟೆ ಹಿಡ್ಕೊಂಡು ಹೋದೆ. ಬಾಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಳತೆ ಹೋದ ವಾರ ತಾನೇ ಕೊಟ್ರಿ ಅಕ್ಕ? ಅಷ್ಟರಲ್ಲೇ ದಪ್ಪ ಆದ್ರಾ?"

"ದಪ್ಪ ಆಗಿರೋದು ಯಾರು ಅಂತ ನೋಡಕ್ಕೇ ಬಂದೆ ಕಣಮ್ಮ" ಅಂತ ಅವಳ ತೋಳಿನಡಿ ನುಸುಳಿ ಅಡುಗೆಮನೆಗೆ ಹೋದೆ.

ಮೊಣಕೈವರೆಗೆ ಅಕ್ಕಿಹಿಟ್ಟು ಮೆತ್ಕೊಂಡು ಡ್ರೈವರ್ ಒಲೆ ಮುಂದೆ ಕೂತಿದ್ದ. ಪಕ್ಕದ ತಟ್ಟೆಯಲ್ಲಿ ಸುಟ್ಟ ರೊಟ್ಟಿಗಳ ರಾಶಿ, ಒಂದೊಂದೂ ಒಂದೊಂದು ದೇಶದ ನಕ್ಷೆ. ಹೆಂಡತಿಯ ಕೈಯಿಂದ ರೊಟ್ಟಿ ಕಲಿತೋಳು ಊರಲ್ಲಿ ಬಾಯಮ್ಮ ಒಬ್ಬಳೇ ಅಂತ ಅವಳ ಹತ್ರ ಕಲಿಯಕ್ಕೆ ಬಂದಿದ್ದ.

ನನ್ನ ಕಡೆ ನೋಡದೆ ಹೇಳಿದ. "ಮಗಳು ಕೇಳಿದ್ಳು ಚಿಕ್ಕವ್ವ, ನಂಗೆ ಹೇಳಕ್ಕೆ ಬರಲಿಲ್ಲ. ಇಷ್ಟು ವರ್ಷ ಕೂತು ತಿಂದೆ. ಹೆಂಗೆ ಮಾಡ್ತಾಳೆ ಅಂತ ಒಂದ್ಸಲನೂ ತಿರುಗಿ ನೋಡಲಿಲ್ಲ."

ಅರ್ಧ ಸುಟ್ಟ ರೊಟ್ಟಿ ತಿಂದ್ಕೊಂಡು ಮನೆಗೆ ಬಂದೆ. ಮಾರನೇ ದಿನ ಗಿರಣಿಗೆ ಹೋಗಿ, ಹಂಗೇನಿಲ್ಲ ಕಣ್ರೀ, ಅವನು ಹೋಗೋದು ರೊಟ್ಟಿ ಕಲಿಯಕ್ಕೆ ಅಂದೆ. ಬಾಯಿ ಬಿಟ್ಕೊಂಡು ಕೇಳಕ್ಕೆ ಕೂತಿದ್ದೋರೆಲ್ಲ "ಬರೀ ರೊಟ್ಟಿಯಾ?" ಅಂತ ಚೀಲ ಎತ್ಕೊಂಡು ಎದ್ದು ಹೋದರು.

ಗಂಟೆ ಹೊಡ್ಕೊಂಡಿದ್ದು

ಅಂಗಳದ ತುಂಬ ಕಾಫಿ ಹಣ್ಣು ಒಣಗಕ್ಕೆ ಹರವಿದ್ದ ಒಂದು ಭಾನುವಾರ. ನಮಗೆ ಇಳಿಹೊತ್ತು, ಅವಳಿಗೆ ಆಗಷ್ಟೇ ಬೆಳಗಾಗಿತ್ತು. ಇವನು ಕಲ್ಲಿನ ಮೇಲೆ ಫೋನು ಹಿಡಿದು ನಿಂತಿದ್ದ. ಅವತ್ತು ವಿಡಿಯೋ ಹಾಕಿದ್ದಳು, ಅವಳ ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು. ಅತ್ತು ಮುಗಿದಿತ್ತು ಅನ್ನಿಸ್ತದೆ, ಒಣಗಿದ ದನಿಯಲ್ಲಿ ಹೇಳಿದಳು. "ನಾಳೆ ಕಾಲೇಜಲ್ಲಿ ಹೇಳ್ಬುಟ್ಟು ಹೊರಡ್ತೀನಿ ಅಪ್ಪ. ನನ್ ಕೈಲಾಗಲ್ಲ."

ಇವನು, "ಅಕ್ಕಿಹಿಟ್ಟು ಐತಾ ಮಗಾ?" ಅಂದ.

ಇತ್ತಂತೆ, ಯಾವುದೋ ಅಂಗಡಿಯಲ್ಲಿ ತಗೊಂಡು ಹಂಗೇ ಇಟ್ಟಿದ್ದಳಂತೆ. ಫೋನು ಗೋಡೆಗೆ ಒರಗಿಸು ಅಂದ. ಆ ಮನುಷ್ಯ ಅಷ್ಟು ಮಾತಾಡಿದ್ದು ನಾನು ಹುಟ್ಟಿದಾಗಿಂದ ಕೇಳಿಲ್ಲ. ನೀರು ಉಕ್ಕಲಿ, ಉಪ್ಪು ಹಾಕು, ಈಗ ಹಿಟ್ಟು ಸುರಿ, ಬಿಸಿ ಇರೋವಾಗಲೇ ನಾದು, ಕೈ ಸುಟ್ಟರೆ ಸುಡಲಿ, ನಿಮ್ಮಮ್ಮನ ಕೈ ದಿನಾ ಸುಡ್ತಿತ್ತು. ಅವಳು ತಟ್ಟಿ ಬಾಣಲೆಗೆ ಹಾಕಿದಳು. ನಾನು ಕತ್ತು ಚಾಚಿ, ಉರಿ ಸಣ್ಣ ಮಾಡೇ ಅಂತ ಕೂಗೋದರೊಳಗೆ ಹೊಗೆ ಎದ್ದಿತ್ತು.

ಆ ದೇಶದಲ್ಲಿ ಹೊಗೆ ಕಂಡರೆ ಬಡ್ಕೊಳ್ಳೋ ಗಂಟೆಯನ್ನ ಸೂರಿನಲ್ಲೇ ಕೂರಿಸಿರ್ತಾರಂತೆ. ಹೊಡ್ಕೊಂತು ನೋಡಿ! ನಮ್ಮ ಅಂಗಳದ ಕೋಳಿಗಳೆಲ್ಲ ಓಡಿಹೋದವು. ಅಲ್ಲಿ ಬಾಗಿಲು ಬಡಿಯೋ ಸದ್ದು, ಜನ ಓಡೋ ಸದ್ದು. ಇವನು ಕಲ್ಲಿನಿಂದ ಕೆಳಗೆ ಹಾರಿ, ಎಲ್ಲಾ ಬಿಟ್ಟು ಓಡು ಮಗಾ, ಓಡು ಅಂತ ಕೂಗ್ತಾ ನನ್ನ ಕಾಫಿಯೆಲ್ಲ ತುಳಿದ. ಸಿಗ್ನಲ್ ಹೋಯ್ತು. ಅಯ್ಯೋ ಕಲ್ಲು ಹತ್ತೋ ಮಾರಾಯ ಅಂತ ನಾನೇ ಅವನ ರಟ್ಟೆ ಹಿಡಿದು ಹತ್ತಿಸಿದೆ.

ಎಷ್ಟೋ ಹೊತ್ತಿನ ಮೇಲೆ ಮುಖ ಬಂತು. ಹೊರಗೆ ನಿಂತಿದ್ದಳು. ನೆಲವೆಲ್ಲ ಹಿಮ, ಸುತ್ತ ಕಂಬಳಿ ಹೊದ್ದ ಹುಡುಗರು ಹುಡುಗೀರು ಚಪ್ಪಲಿ ಕೂಡ ಇಲ್ಲದೆ ಚಳಿಗೆ ಕುಣೀತಿದ್ದರು, ಹಿಂದೆ ಬೆಂಕಿ ಆರಿಸೋ ಕೆಂಪು ಲಾರಿ. ನಡುವೆ ಇವಳು, ಕೈಯಲ್ಲಿ ಬಾಣಲೆ. ಹಿಡಿ ಸುಡಬಾರದು ಅಂತ ಸುತ್ತಿದ್ದ ಬಟ್ಟೆ ಅವಳಮ್ಮನ ಸೀರೆಯ ಚೂರು.

"ಓಡು ಅಂದ್ರೆ ಯಾಕೆ ತಡ ಮಾಡ್ದೆ?" ಅಂತ ಇವನು ಬೈದ.

"ಇರಪ್ಪ, ರೊಟ್ಟಿ ಮಗುಚ್ಬುಟ್ಟು ಬಂದೆ" ಅಂದಳು.

ಅಂದ ಮೇಲೆ ಅವಳಿಗೆ ತಾನೇನಂದೆ ಅಂತ ಹೊಳೀತು. ಇವನು ನಕ್ಕ. ಹೆಂಡತಿ ಹೋದ ಮೇಲೆ ಮೊದಲ ಸಲ ಹಲ್ಲು ಕಾಣೋಹಂಗೆ ನಕ್ಕ, ನಗ್ತಾ ನಗ್ತಾ ಕಲ್ಲಿನ ಮೇಲೆ ಕುಸಿದು ಕೂತ. ಅವಳೂ ಅಲ್ಲಿ ನಗ್ತಿದ್ದಳು. ಯಾರೂ ಮಾತಾಡ್ಸಲ್ಲ ಅಂತಿದ್ದಳಲ್ಲ, ಆ ಕಂಬಳಿ ಹೊದ್ದೋರೆಲ್ಲ ಬಂದು ಸುತ್ತುವರಿದು, ಇದಕ್ಕೇನಾ ನಮ್ಮನ್ನ ಹಿಮದಲ್ಲಿ ನಿಲ್ಲಿಸಿದ್ದು ಅಂತ ಕೇಳಿ ಮುರ್ಕೊಂಡು ತಿಂದರಂತೆ. ಲಾರಿಯೋನೂ ಒಂದು ಚೂರು ಬಾಯಿಗೆ ಹಾಕ್ಕೊಂಡನಂತೆ.

ಹಂಗಾದ್ರೆ ನಾಳೆ ಹೇಳ್ಬುಟ್ಟು ಹೊರಡ್ತೀಯಾ ಅಂತ ನಾನೇ ಕೇಳಿದೆ, ಅವನು ಕೇಳಲ್ಲ ಅಂತ ಗೊತ್ತಿತ್ತು.

"ಹೆಂಗೆ ಹೊರಡಲಿ ಅಜ್ಜಿ? ನಂಗೇ ಒಂದು ಚೂರೂ ಉಳಿಸಲಿಲ್ಲ ಇವರು. ನಾಳೆ ಮತ್ತೆ ಮಾಡಬೇಕು."

ಫೋನು ಇಟ್ಟ ಮೇಲೆ ಇವನು ಕಲ್ಲಿನ ಮೇಲೇ ಕೂತು ಅಂಗಿ ತುದಿಯಲ್ಲಿ ಮುಖ ಒರೆಸ್ಕೊಳ್ತಿದ್ದ, ಒರೆಸಿದಷ್ಟೂ ಒದ್ದೆ. ನಾನು ನೋಡ್ತಿದ್ದೀನಿ ಅಂತ ತಿಳಿದು, "ಹೊಗೆ ಚಿಕ್ಕವ್ವ" ಅಂದ.

"ಹೂಂ ಕಣೋ" ಅಂದೆ. "ಸ್ಕಾಟ್ಲೆಂಡಿಂದು ಭಾರೀ ಖಾರದ ಹೊಗೆ. ನನ್ನ ಕಣ್ಣಿಗೂ ಹೊಡೀತು."