ಐಸ್ ಹಾಕಿಗೆ ನಿಪ್ಪಟ್ಟಿನ ಚಿಕಿತ್ಸೆ

ಐಸ್ ಹಾಕಿಯನ್ನು ಸುಧಾರಿಸುವುದು ಜನ ತಿಳಿದಷ್ಟು ಕಷ್ಟದ ಕೆಲಸವೇನಲ್ಲ. ಒಂದು ಡಬ್ಬ ನಿಪ್ಪಟ್ಟು ಮತ್ತು ಒಂದಿಷ್ಟು ವ್ಯವಹಾರಜ್ಞಾನ ಇದ್ದರೆ ಸಾಕು. ಹಾಗೆಂದು ನಾನು ಒಂದು ಶುಕ್ರವಾರದವರೆಗೂ ನಂಬಿದ್ದೆ. ಶನಿವಾರ ಪಂದ್ಯವಿತ್ತು.

ನಾನು ತಿಪಟೂರಿನಲ್ಲಿ ಏಸಿ ರಿಪೇರಿ ಕಲಿತು ಸಿಂಗಪುರಕ್ಕೆ ಬಂದವನು. ಈಗ ಜುರಾಂಗ್ ವೆಸ್ಟಿನಲ್ಲಿ ಹಳೆಯ ಏಸಿಗಳ ಬಿಡಿಭಾಗ ಮಾರುವ ಸ್ವಂತ ಅಂಗಡಿ ಇದೆ. ವರ್ಷವಿಡೀ ಬೆವರುವ ಊರಿನಲ್ಲಿ ತಂಪು ಮಾರಿ ಬದುಕುವವನಿಗೆ ಮಂಜುಗಡ್ಡೆಯ ಮೇಲಿನ ಆಟದ ಬಗ್ಗೆ ನಾಲ್ಕು ಮಾತು ಹೇಳುವ ಅಧಿಕಾರವಿಲ್ಲವೆಂದರೆ ಇನ್ಯಾರಿಗಿದೆ? ಸಲಹೆಗೆ ನಾನು ದುಡ್ಡು ಕೇಳುವವನಲ್ಲ. ಎದುರಿನವರು ಸಲಹೆ ಕೇಳಲಿ ಎಂದು ಕಾಯುವವನೂ ಅಲ್ಲ.

ನನ್ನ ಮಗಳು ಸಿಂಚನಾಗೆ ಆಗ ಹನ್ನೊಂದು ವರ್ಷ. ಹೆಂಡತಿ ವಿಜಯ ಅವಳನ್ನು ಭರತನಾಟ್ಯಕ್ಕೆ ಸೇರಿಸಬೇಕೆಂದಿದ್ದಳು. ಮಗಳು ನಮ್ಮ ಕಡೆಯ ಮಾಲ್‌ನಲ್ಲಿದ್ದ ಐಸ್ ರಿಂಕ್ ನೋಡಿದವಳೇ ಅಲ್ಲೇ ಬೇರು ಬಿಟ್ಟಳು. ಕಿಟ್ ಕೊಳ್ಳಲು ಹಳೇ ಸಾಮಾನಿನ ಅಂಗಡಿಗೆ ಹೋದೆವು. ಮಾಮೂಲಿ ಆಟಗಾರರ ಕಿಟ್ಟಿನ ಬೆಲೆಯನ್ನು ಅಂಗಡಿಯವನು ಒಂದು ಕಾಸೂ ಇಳಿಸಲಿಲ್ಲ. ಮೂಲೆಯಲ್ಲಿ ಗೋಲ್‌ಕೀಪರ್ ಕಟ್ಟಿಕೊಳ್ಳುವ ಹಾಸಿಗೆಯಂಥ ಪ್ಯಾಡುಗಳು ಧೂಳು ತಿನ್ನುತ್ತಾ ಬಿದ್ದಿದ್ದವು.

“ನೋಡು ಪುಟ್ಟಿ,” ಎಂದು ಮಗಳ ಕಿವಿಯಲ್ಲಿ ಹೇಳಿದೆ. “ಅವನು ರೇಟ್ ಹೇಳಿದ ಮೇಲೆ ಬಾಯಿ ಬಿಡಬಾರದು. ಎದ್ದು ಬಾಗಿಲ ಕಡೆ ನಡೀಬೇಕು. ನಿಧಾನಕ್ಕೆ.”

ಬಾಗಿಲು ತಲುಪುವ ಮುಂಚೆಯೇ ಅವನು ಕೂಗಿ ಕರೆದ. ಅರ್ಧ ಬೆಲೆಗೆ ಇಡೀ ಸೆಟ್ಟು! ಹೀಗೆ ನನ್ನ ಮಗಳು ಗೋಲ್‌ಕೀಪರ್ ಆದಳು. ಪ್ರತಿಭೆಯಿಂದಲ್ಲ, ಡಿಸ್ಕೌಂಟಿನಿಂದ.

ಪ್ರತಿ ಶನಿವಾರ ಬೆಳಿಗ್ಗೆ ಕೆಂಪು ತಂಡಕ್ಕೂ ನೀಲಿ ತಂಡಕ್ಕೂ ಪಂದ್ಯ. ಸಿಂಚನಾ ಕೆಂಪಿನ ಗೋಲು ಕಾಯುತ್ತಿದ್ದಳು, ಜಿಯಾ ಹುಯಿ ಎಂಬ ಹುಡುಗಿ ನೀಲಿಯದು. ಎರಡೂ ತಂಡಕ್ಕೆ ಡೆರಿಕ್ ಒಬ್ಬರೇ ಕೋಚ್. ಅವರದೊಂದು ನಿಯಮವಿತ್ತು: ಸೋತ ತಂಡ ಆಟ ಮುಗಿದ ಮೇಲೆ ರಿಂಕಿನ ಸುತ್ತ ಹತ್ತು ಸುತ್ತು ಹಾಕಬೇಕು. ಮಕ್ಕಳು ದಡ್ಡರೇ? ಎರಡೂ ಕಡೆಯವರು ಗೆಲ್ಲುವ ಯೋಚನೆಯನ್ನೇ ಬಿಟ್ಟು ಸೋಲದಿರುವ ಕಲೆಯಲ್ಲಿ ಪಾರಂಗತರಾದರು. ಎಲ್ಲರೂ ತಮ್ಮ ಗೋಲಿನ ಮುಂದೆ ರೇಷನ್ ಅಂಗಡಿಯ ಕ್ಯೂನಂತೆ ಸಾಲಾಗಿ ನಿಲ್ಲುವುದು, ಆ ಕರಿಯ ರಬ್ಬರ್ ಬಿಲ್ಲೆ ಹತ್ತಿರ ಬಂದರೆ ಆ ಕಡೆಗೆ ದಬ್ಬುವುದು. ಅವರು ಈ ಕಡೆಗೆ ದಬ್ಬುವುದು. ವಾರವಾರವೂ ಸೊನ್ನೆ–ಸೊನ್ನೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮೂರ್ತಿ ಬ್ಯೂನಾ ವಿಸ್ಟಾದಲ್ಲಿ ಸಾಫ್ಟ್‌ವೇರ್ ಕೆಲಸದವರು. ಅವರ ಮಗ ನೀಲಿ ತಂಡದ ಮುಂಚೂಣಿ ಆಟಗಾರ. ಆದರೂ ಮೂರ್ತಿ ಒಂದು ಪಂದ್ಯದಲ್ಲೂ ಮೊಬೈಲ್‌ನಿಂದ ತಲೆ ಎತ್ತಿದ್ದನ್ನು ನಾನು ಕಂಡಿಲ್ಲ.

ಒಂದು ದಿನ ಸಿಂಚನಾ ಊಟ ಬಿಟ್ಟು ಕೂತಳು. ರಿಂಕಿನ ಮ್ಯಾನೇಜರ್ ಮಿಸೆಸ್ ಲಿಮ್, “ನಿಮ್ಮ ಆಟ ನೋಡಲು ಯಾರೂ ನಿಲ್ಲೋದಿಲ್ಲ. ಬರುವ ಶನಿವಾರ ಬಂದು ನೋಡ್ತೀನಿ. ಹೀಗೇ ಇದ್ದರೆ ಈ ಸಮಯವನ್ನು ಬರ್ತ್‌ಡೇ ಪಾರ್ಟಿಗಳಿಗೆ ಕೊಡ್ತೀನಿ,” ಎಂದಿದ್ದರಂತೆ.

“ಟೀಮೇ ಇರಲ್ಲ ಅಪ್ಪಾ,” ಎಂದಳು. ಕಣ್ಣು ತುಂಬಿತ್ತು.

ತಂದೆಯ ಕರುಳು ಚುರುಕ್ಕೆಂದಿತು. ವ್ಯಾಪಾರಿಯ ತಲೆ ಅದಕ್ಕಿಂತ ಮೊದಲೇ ಓಡತೊಡಗಿತ್ತು.

ಮರುದಿನವೇ ಕೋಚ್ ಡೆರಿಕ್ ಅವರನ್ನು ಹಾಕರ್ ಸೆಂಟರಿನಲ್ಲಿ, ಅಂದರೆ ಇಲ್ಲಿನ ತಿಂಡಿ ಅಂಗಡಿಗಳ ಸಾಲಿನಲ್ಲಿ, ಹಿಡಿದೆ. ಅವರ ಇಂಗ್ಲಿಷನ್ನು ನಾನಿಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ; ಸಿಂಗಪುರದವರು ಮಾತಿನ ಬಾಲಕ್ಕೆ ಅಂಟಿಸುವ ‘ಲಾ’ ಮಾತ್ರ ಅವರದೇ.

“ನಮ್ಮ ಟಿ-ಟ್ವೆಂಟಿ ನೋಡಿ ಕಲೀಬೇಕು ಕೋಚ್. ಪವರ್ ಪ್ಲೇ ಅಂತ ಒಂದು ತನ್ನಿ!”

“ಅದು ನಮ್ಮ ಆಟದಲ್ಲಿ ಮೊದಲಿಂದಲೂ ಇದೆ ಲಾ.”

“ಇರಲಿ,” ಎಂದೆ, ಕಾಫಿ ಒಂದು ಗುಟುಕು ಕುಡಿದು. “ಚೌಕಾಸಿಯಲ್ಲಿ ಇಬ್ಬರೂ ‘ನೀನೇ ರೇಟ್ ಹೇಳು, ನೀನೇ ಹೇಳು’ ಅಂತ ಕೂತರೆ ವ್ಯಾಪಾರ ಆಗುತ್ತಾ? ನಿಮ್ಮ ಆಟಕ್ಕೆ ಬಂದಿರೋ ರೋಗ ಅದೇ. ಸೋತರೆ ದಂಡ ಇದೆ. ಗೋಲು ಹೊಡೆದರೆ ಏನಿದೆ?”

“ಗುಡ್ ಜಾಬ್ ಅಂತೀನಿ.”

“ಅದನ್ನ ತಿನ್ನೋಕಾಗುತ್ತಾ?”

ಕೋಚ್ ಯೋಚಿಸಿದರು. ವಿಜಯ ಮಾಡುವ ನಿಪ್ಪಟ್ಟಿಗೆ ಆ ಮಕ್ಕಳೆಲ್ಲ ಜೀವ ಬಿಡುತ್ತಿದ್ದರೆಂಬುದು ಅವರಿಗೂ ಗೊತ್ತಿತ್ತು. ನಾನು ಯೋಜನೆ ಮಂಡಿಸಿದೆ: ಈ ವಾರ ಸೋತವರಿಗೆ ದಂಡವಿಲ್ಲ. ಒಂದು ಗೋಲು ಹೊಡೆದವರಿಗೆ ಎರಡು ನಿಪ್ಪಟ್ಟು, ಸ್ಥಳದಲ್ಲೇ ಪಾವತಿ!

“ಒಂದೇ ಶನಿವಾರ ಲಾ, ಅಂಕಲ್,” ಎಂದರು ಕೋಚ್.

ವಿಜಯ ಭಾನುವಾರದ ಭಜನೆಗೆಂದು ದೊಡ್ಡ ಡಬ್ಬದ ತುಂಬ ನಿಪ್ಪಟ್ಟು ಕರಿದಿಟ್ಟಿದ್ದಳು. ಶನಿವಾರ ಬೆಳಿಗ್ಗೆ ನಾನು ಡಬ್ಬ ಎತ್ತುವಾಗ ಸಿಕ್ಕಿಬಿದ್ದೆ.

“ರೀ, ಡಬ್ಬ ಎಲ್ಲಿಗೆ ಹೊರಟಿತು?”

“ಹಾಕಿಗೆ. ಇವರ ಆಟದಲ್ಲಿ ಹೆಚ್ಚೆಂದ್ರೆ ಎರಡು ಗೋಲು. ನಾಲ್ಕು ನಿಪ್ಪಟ್ಟು ಖರ್ಚಾಗುತ್ತೆ. ಉಳಿದದ್ದು ಹಾಗೇ ವಾಪಸ್.”

“ನೀವು ಹೀಗೆ ಹೇಳಿ ತಗೊಂಡು ಹೋದ ಕುಕ್ಕರೂ ಇನ್ನೂ ವಾಪಸ್ ಬಂದಿಲ್ಲ,” ಎಂದಳು. ಆದರೂ ಬಿಟ್ಟಳು. ಮಗಳ ವಿಷಯ ನೋಡಿ.

ದಾರಿಯಲ್ಲಿ ಸಿಂಚನಾ ಕೇಳಿದಳು: “ಅಪ್ಪಾ, ಗೋಲ್ ತಡೆದ್ರೆ ಎಷ್ಟು ನಿಪ್ಪಟ್ಟು?”

“ತಡೆಯೋಕೆ ಯಾಕಮ್ಮ? ಅದು ನಿನ್ನ ಡ್ಯೂಟಿ. ಅಪ್ಪ ಚಪ್ಪಾಳೆ ಹೊಡೀತೀನಿ.”

ಅವಳು ಎದ್ದು ಬಸ್ಸಿನ ಬಾಗಿಲ ಕಡೆ ನಡೆದಳು. ನಿಧಾನಕ್ಕೆ. ನಮ್ಮ ಸ್ಟಾಪು ಬಂದಿರಬೇಕೆಂದು ನಾನೂ ಇಳಿಯಲು ಸಿದ್ಧನಾದೆ. ಇನ್ನೂ ಎರಡು ಸ್ಟಾಪು ಇತ್ತು!

ಪಂದ್ಯ ಶುರುವಾಯಿತು. ಮಿಸೆಸ್ ಲಿಮ್ ರಿಂಕಿನ ಸುತ್ತಲ ಕಟಕಟೆಯ ಪಕ್ಕ ಕೈಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತಿಗೇ ನೀಲಿಯವರು ಒಂದು ಗೋಲು ಹೊಡೆದರು. ನಾನು ಎರಡು ನಿಪ್ಪಟ್ಟು ಪಾವತಿ ಮಾಡಿದೆ. ಕೆಂಪಿನವರು ಒಂದು ಹೊಡೆದರು. ಮತ್ತೆರಡು. ಮೇಲಿನ ಮಹಡಿಯಲ್ಲಿ ಶಾಪಿಂಗಿಗೆ ಬಂದವರು ನಿಂತು ಇಣುಕಿದರು. ಮೂರ್ತಿಯವರು ಮೊಬೈಲ್ ಜೇಬಿಗಿಟ್ಟರು!

“ಏನ್ ಸಾರ್ ಇದು! ಆಟಕ್ಕೆ ಜೀವ ಬಂತಲ್ರೀ!”

“ನನ್ನದೇ ಸಣ್ಣ ಸಲಹೆ,” ಎಂದೆ ವಿನಯದಿಂದ.

ಆಮೇಲೆ ಗೋಲುಗಳು ಬರತೊಡಗಿದವು. ಬರೀ ಬರುವುದಲ್ಲ, ಸುರಿಯತೊಡಗಿದವು. ನೀಲಿಯ ಹುಡುಗ ಬಂದರೆ ನನ್ನ ಮಗಳು ಲಿಫ್ಟಿನ ಬಾಗಿಲು ಹಿಡಿದು ‘ಬನ್ನಿ ಬನ್ನಿ’ ಎನ್ನುವವಳಂತೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಆ ಕಡೆ ಜಿಯಾ ಹುಯಿಯೂ ಅಷ್ಟೇ ಮರ್ಯಾದಸ್ಥೆ. ಗೋಲು ಹೊಡೆದವರು ನನ್ನಿಂದ ಎರಡು ನಿಪ್ಪಟ್ಟು ವಸೂಲು ಮಾಡಿ, ವಾಪಸ್ ಹೋಗುತ್ತಾ ಎದುರು ತಂಡದ ಗೋಲ್‌ಕೀಪರ್ ಕೈಗೆ ಒಂದನ್ನು ಇಟ್ಟು ಹೋಗುತ್ತಿದ್ದರು. ಕಮಿಷನ್!

ನಾನು ಕಟಕಟೆಯ ಬಳಿ ಓಡಿದೆ. “ಸಿಂಚನಾ! ಏನೇ ಇದು?”

“ಮ್ಯಾಚಿಗೆ ಮುಂಚೆ ಡ್ರೆಸ್ಸಿಂಗ್ ರೂಮಲ್ಲಿ, ಪ್ರತಿ ಮೂರು ಗೋಲಿಗೆ ಒಂದು ನಿಪ್ಪಟ್ಟು ಕೊಡ್ತೀವಿ ಅಂದ್ರು ಅಪ್ಪಾ,” ಎಂದಳು, ಮುಖಕವಚದೊಳಗೆ ಕರಂಕುರುಂ ಅಗಿಯುತ್ತಾ. “ನಾನೂ ಜಿಯಾ ಹುಯಿನೂ ಎದ್ದು ಬಾಗಿಲ ಕಡೆ ನಡೆದ್ವಿ. ನಿಧಾನಕ್ಕೆ. ಫಿಫ್ಟಿ-ಫಿಫ್ಟಿಗೆ ಬಂದ್ರು ಲಾ!”

ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ಹಿಂತಿರುಗಿದೆ. ಮೂರ್ತಿಯವರ ಮೊಬೈಲು ಮತ್ತೆ ಹೊರಗೆ ಬಂದಿತ್ತು. ಮೇಲಿನ ಮಹಡಿಯವರು ಚದುರಿದ್ದರು. ವರ್ಷವಿಡೀ ‘ಸೇಲ್’ ಬೋರ್ಡು ಹಾಕಿಕೊಂಡ ಅಂಗಡಿಗೆ ಯಾರು ತಾನೇ ನುಗ್ಗುತ್ತಾರೆ? ತಡೆಯುವವರೇ ಇಲ್ಲದ ಮೇಲೆ ಗೋಲಿಗೆ ಏನು ಬೆಲೆ? ಮೂವತ್ತು ವರ್ಷ ವ್ಯಾಪಾರ ಮಾಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಅಷ್ಟರಲ್ಲಿ ಯಾರದೋ ಕೈಯಿಂದ ಒಂದು ನಿಪ್ಪಟ್ಟು ಜಾರಿ ಮಂಜಿನ ಮೇಲೆ ಬಿತ್ತು. ದುಂಡಗೆ, ಚಪ್ಪಟೆಯಾಗಿ, ಸರ್ರನೆ ಜಾರಿತು. ಮೂರ್ತಿಯವರ ಮಗ ಹಿಂದೆ ಮುಂದೆ ನೋಡದೆ ಬೀಸಿ ಹೊಡೆದ. ನಿಪ್ಪಟ್ಟು ನೇರ ಗೋಲಿನೊಳಗೆ! ಇದಕ್ಕೆ ಎರಡು ನಿಪ್ಪಟ್ಟು ಕೊಡಬೇಕೋ ಬೇಡವೋ ಎಂದು ನೀಲಿಯವರೂ ಕೆಂಪಿನವರೂ ನನ್ನನ್ನು ಮುತ್ತಿದರು. ಕೋಚ್ ಆ ನಿಪ್ಪಟ್ಟನ್ನು ಎತ್ತಿ, ತಿರುಗಿಸಿ ನೋಡಿ, ಕಟಕಟೆಗೆ ಬಡಿದರು.

“ಒಡೆದೇ ಇಲ್ಲ ಲಾ,” ಎಂದರು ಬೆರಗಿನಿಂದ.

ಈ ಪ್ರಶಂಸೆಯನ್ನು ನಾನು ಇವತ್ತಿಗೂ ವಿಜಯಳಿಗೆ ತಲುಪಿಸಿಲ್ಲ.

ಮಿಸೆಸ್ ಲಿಮ್ ಗಡಿಯಾರ ನೋಡಿ ಬಾಗಿಲ ಕಡೆ ಹೆಜ್ಜೆ ಹಾಕಿದರು. ಚೌಕಾಸಿಯ ಹೆಜ್ಜೆಯಲ್ಲ ಅದು, ನಿಜವಾಗಿ ಹೊರಟವರ ಹೆಜ್ಜೆ. ಸಿಂಚನಾ ಅದನ್ನು ನೋಡಿದಳು. ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ನನ್ನ ಡಬ್ಬದಲ್ಲೂ ಪುಡಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ಕೋಚ್ ಡೆರಿಕ್ ಜೋರಾಗಿ ಸೀಟಿ ಊದಿದರು. “ತಿಂಡಿ ಮುಗೀತು! ಇಲ್ಲಿವರೆಗಿನ ಗೋಲು ಎಲ್ಲಾ ಕ್ಯಾನ್ಸಲ್! ಕೊನೆಯ ಐದು ನಿಮಿಷ, ಹೊಸ ಆಟ. ಸೋತವರಿಗೆ ದಂಡ ಇಲ್ಲ. ಆದ್ರೆ ಸೊನ್ನೆ–ಸೊನ್ನೆ ಆಯ್ತೋ, ಎರಡೂ ಟೀಮು ಸುತ್ತು ಹಾಕಬೇಕು.” ಆಮೇಲೆ ನನ್ನ ಕಡೆ ಕೋಲು ತೋರಿಸಿದರು. “ಅಂಕಲ್ ಕೂಡ!”

ಮಕ್ಕಳು ಹೋ ಎಂದು ಕೂಗಿದರು. ಮಿಸೆಸ್ ಲಿಮ್ ನಿಂತರು.

ಆ ಐದು ನಿಮಿಷವನ್ನು ಹೇಗೆ ವರ್ಣಿಸಲಿ! ಸೋತರೂ ನಷ್ಟವಿಲ್ಲ, ಸುಮ್ಮನಿದ್ದರೆ ಮಾತ್ರ ದಂಡ. ಕ್ಯೂ ಒಡೆಯಿತು. ಎಲ್ಲರೂ ಮುನ್ನುಗ್ಗಿದರು. ಆದರೆ ಈ ಇಬ್ಬರು ಗೋಲ್‌ಕೀಪರ್‌ಗಳಿಗೆ ಏನಾಗಿತ್ತೋ! ಇಷ್ಟು ಹೊತ್ತು ಬಾಗಿಲು ತೆರೆದಿಟ್ಟ ನಾಚಿಕೆಯನ್ನು ತೀರಿಸಿಕೊಳ್ಳುವವರಂತೆ ಸಿಂಚನಾ ಕಾಲಲ್ಲಿ ತಡೆದಳು, ಎದೆಯಲ್ಲಿ ತಡೆದಳು, ಅಂಗಾತ ಬಿದ್ದು ತಡೆದಳು. ಆ ಕಡೆ ಜಿಯಾ ಹುಯಿ ಹಾರಿ ಹಾರಿ ಹಿಡಿದಳು. ಮೂರು ಮಹಡಿಯ ತುಂಬ ಜನ! ಪ್ರತಿ ಹೊಡೆತಕ್ಕೂ “ಆಹ್” ಎಂಬ ಕೂಗು. ಮೂರ್ತಿಯವರು ನನ್ನ ತೋಳನ್ನು ಹಿಂಡಿ ಹಿಪ್ಪೆ ಮಾಡಿದರು.

ಇನ್ನು ಕೆಲವೇ ಕ್ಷಣ. ಸೊನ್ನೆ–ಸೊನ್ನೆ. ಮೂರ್ತಿಯವರ ಮಗ ಒಬ್ಬನೇ ಸಿಂಚನಾಳ ಎದುರು ನುಗ್ಗಿ ಬಂದ. ಅವಳು ತಡೆದರೆ ನಾನು ಮಂಜುಗಡ್ಡೆಯ ಮೇಲೆ! ಹೆತ್ತ ತಂದೆ ನಾನು, ಇಡೀ ಮಾಲ್‌ಗೆ ಕೇಳುವಂತೆ ಕೂಗಿದೆ:

“ಬಿಟ್ಟುಬಿಡೇ ಪುಟ್ಟಿ! ಒಳಗೆ ಬಿಡೇ!”

ಬಿಡಲಿಲ್ಲ. ಕೈಚಾಚಿ ಆ ಬಿಲ್ಲೆಯನ್ನು ಗಾಳಿಯಲ್ಲೇ ಗಪ್ಪನೆ ಹಿಡಿದಳು. ಮಾಲ್ ಅದುರುವಂತೆ ಚಪ್ಪಾಳೆ. ನಾನು ಹೊಡೆಯುತ್ತೇನೆಂದು ಮಾತು ಕೊಟ್ಟಿದ್ದ ಚಪ್ಪಾಳೆ ಮಾತ್ರ ಅದರಲ್ಲಿರಲಿಲ್ಲ.

ಮಕ್ಕಳು ಆಗಲೇ ಸುತ್ತು ಶುರುಮಾಡಿದ್ದರು; ನಾನೂ ಬಾಡಿಗೆಯ ಸ್ಕೇಟು ಕಟ್ಟಿಕೊಂಡು ರಿಂಕಿಗೆ ಇಳಿದೆ. ಎರಡನೆಯ ಹೆಜ್ಜೆಗೇ ಕೂತೆ. ಎದ್ದೆ. ಮಲಗಿದೆ. ಕೊನೆಗೆ ಯಾರೋ ಕನಿಕರದಿಂದ, ಮೂರು ವರ್ಷದ ಮಕ್ಕಳು ಹಿಡಿದು ಕಲಿಯುವ ಪ್ಲಾಸ್ಟಿಕ್ ಪೆಂಗ್ವಿನ್ ತಂದುಕೊಟ್ಟರು. ಅದರ ಕಿವಿಗಳಂಥ ಹಿಡಿಗಳನ್ನು ಹಿಡಿದು, ಬಗ್ಗಿ, ಸಿಂಗಪುರದ ಸ್ವಂತ ಅಂಗಡಿಯ ಮಾಲೀಕ ಸುತ್ತು ಹಾಕತೊಡಗಿದ. ಜನ ಒಬ್ಬರೂ ಕದಲಲಿಲ್ಲ. ಮೂರ್ತಿಯವರು ಮತ್ತೆ ಮೊಬೈಲ್ ತೆಗೆದಿದ್ದರು. ಈ ಸಲ ವಿಡಿಯೋ ಮಾಡಲು.

ಶನಿವಾರದ ಸಮಯ ಮಕ್ಕಳಿಗೇ ಉಳಿಯಿತು. ಕೋಚ್ ತಮ್ಮ ಹೊಸ ನಿಯಮವನ್ನೇ ಕಾಯಂ ಮಾಡಿದರು. ಅದರ ಮೂಲ ಪ್ರೇರಣೆ ನನ್ನದೇ ಎಂದು ನಾನು ಹೇಳುತ್ತಿರುತ್ತೇನೆ. ಮಿಸೆಸ್ ಲಿಮ್ ಮಾತ್ರ ಹೊರಡುವಾಗ ಕೋಚ್ ಹತ್ತಿರ ಕೇಳಿದರಂತೆ, “ಪೆಂಗ್ವಿನ್ ಅಂಕಲ್ ಪ್ರತಿ ವಾರ ಬರ್ತಾರಾ?”

ಮನೆಗೆ ಬಂದು ಖಾಲಿ ಡಬ್ಬ ಇಟ್ಟೆ. ವಿಜಯ ಅದನ್ನೂ, ನನ್ನ ಕುಂಟು ನಡಿಗೆಯನ್ನೂ ನೋಡಿದಳು. “ನಾಲ್ಕು ನಿಪ್ಪಟ್ಟು ಅಂದಿದ್ರಿ,” ಎಂದಳಷ್ಟೇ. ಭಾನುವಾರ ಬೆಳಿಗ್ಗೆ ನಿಪ್ಪಟ್ಟು ತಟ್ಟಿದವನು ನಾನು. ಅವು ಒಡೆದವು. ಕೈಯಲ್ಲಿ ಹಿಡಿದರೇ ಒಡೆದವು.

ತಟ್ಟುತ್ತಿರುವಾಗ ಸಿಂಚನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಅಪ್ಪಾ, ನೆಕ್ಸ್ಟ್ ವೀಕ್‌ನಿಂದ ನೀವು ಮ್ಯಾಚಿಗೆ ಬರಬಹುದು. ಆದ್ರೆ ಅಡ್ವೈಸ್ ಇಲ್ಲ.”

ನಾನು ಬಿಡುವವನೇ? ಮ್ಯಾಚಿಗೆ ಐದು ಸಲಹೆಯಿಂದ ಶುರು ಮಾಡಿದೆ. ಅವಳು ಸೊನ್ನೆ ಎಂದಳು. ಮೂರಕ್ಕೆ ಇಳಿದೆ. ಸೊನ್ನೆ. ಹೋಗಲಿ, ಒಂದೇ ಒಂದು, ಅದೂ ಇಂಟರ್‌ವಲ್‌ನಲ್ಲಿ ಎಂದೆ. ಸೊನ್ನೆ. ಕೊನೆಯ ಅಸ್ತ್ರವಾಗಿ ಕೈ ತೊಳೆದುಕೊಂಡು ಎದ್ದು ಬಾಗಿಲ ಕಡೆ ನಡೆದೆ. ನಿಧಾನಕ್ಕೆ.

ಅವಳು ಲಿಫ್ಟಿನ ಬಾಗಿಲು ಹಿಡಿದವಳಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.